ಐವತ್ತೊಂದು ನಿಮಿಷದ ಅಪರಾಧ

ಹತ್ತು ದಿನದ ರಜೆ ಕೇಳಿ ಬರೆದ ಅರ್ಜಿ ನಾಲ್ಕು ವರ್ಷಗಳಲ್ಲಿ ನಾಲ್ಕು ಸಲ ಹಿಂದಿರುಗಿ ಬಂದಿತ್ತು. ನಾಲ್ಕರ ಅಂಚಿನಲ್ಲೂ ಎಂಜಿನಿಯರ್ ಸಾಹೇಬರ ಕೆಂಪು ಮಸಿಯಲ್ಲಿ ಒಂದೇ ಪ್ರಶ್ನೆ: ‘ಹಾಗಾದರೆ ಲೆಕ್ಕ ಯಾರು ಮಾಡುತ್ತಾರೆ?’

ಪ್ರಶ್ನೆ ನ್ಯಾಯವಾದದ್ದೇ. ಊರಿಗೆ ನೀರು ಬಿಡುವ ಆ ಕಚೇರಿಯಲ್ಲಿ ಲೆಕ್ಕ ಮಾಡುವವನು ಒಬ್ಬನೇ. ಊರಿನಲ್ಲಿ ನಲವತ್ತೆಂಟು ಬಡಾವಣೆ, ಬಡಾವಣೆಗೊಂದು ಟ್ಯಾಂಕು, ದಿನಕ್ಕೆ ತೊಂಬತ್ತಾರು ಕಾಲುಗಂಟೆ. ನಾಳೆ ಯಾವ ಕಾಲುಗಂಟೆಯಲ್ಲಿ ಯಾವ ಟ್ಯಾಂಕಿನ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕು ಎಂಬ ಪಟ್ಟಿ ಇಂದು ಸಂಜೆಯೊಳಗೆ ವಾಲ್ವಿನವರ ಕೈ ಸೇರಬೇಕು. ಸೇರದಿದ್ದರೆ ನಾಳೆ ಬೆಳಗ್ಗೆ ಊರೆಲ್ಲ ಮುಖಕ್ಕೆ ಸೋಪು ಹಚ್ಚಿಕೊಂಡು ನಲ್ಲಿಯ ಮುಂದೆ ಕಣ್ಣು ಮುಚ್ಚಿ ನಿಲ್ಲಬೇಕಾಗುತ್ತದೆ.

ಈ ಪಟ್ಟಿಯನ್ನು ಕಂಪ್ಯೂಟರು ಸಿದ್ಧಪಡಿಸುತ್ತಿತ್ತು, ಸರಿಯಾಗಿ ಆರು ಗಂಟೆ ತೆಗೆದುಕೊಂಡು. ನಡುವೆ ಎಲ್ಲಾದರೂ ತಡವರಿಸಿ ನಿಂತರೆ ಮತ್ತೆ ಮೊದಲಿನಿಂದ. ಆದ್ದರಿಂದ ಅದರ ಮುಂದೆ ಒಬ್ಬ ಮನುಷ್ಯ ಕಾವಲು ಕೂರಬೇಕಾಗಿತ್ತು. ಹನ್ನೊಂದು ವರ್ಷದಿಂದ ಆ ಮನುಷ್ಯ ಪರದೆಯ ಮೂಲೆಯಲ್ಲಿ ಬಸವನ ಹುಳುವಿನಂತೆ ಏರುವ ಶೇಕಡಾವಾರು ಅಂಕಿಯನ್ನು ನೋಡುತ್ತ ಕುಳಿತಿದ್ದ. ಯಾರಾದರೂ ‘ಹೇಗಿದ್ದೀರಿ?’ ಎಂದು ಕೇಳಿದರೆ ‘ನಲವತ್ತೆರಡು’ ಎಂದು ಉತ್ತರಿಸುವಷ್ಟು ಅದರಲ್ಲಿ ಲೀನ. ಹಾಗಾಗಿ ಇಡೀ ಕಚೇರಿಗೆ ಅವನು ಶೇಕಡಣ್ಣ.

ಈ ವರ್ಷ ಶೇಕಡಣ್ಣ ಬುದ್ಧಿ ಓಡಿಸಿದ. ರಜೆಯನ್ನು ಕೇಳುವ ಬದಲು ಮೊದಲು ಕಂಪ್ಯೂಟರನ್ನು ಕೇಳಿದ. ಮೂರು ಪುಟದ ಮನವಿ. ಅದರ ಸಾರಾಂಶವಿಷ್ಟೆ: ಈಗಿನ ಯಂತ್ರದ ಪ್ರೊಸೆಸರಿನಲ್ಲಿ ಕ್ಯಾಶ್ ಮೆಮೊರಿ ಎಂಟೇ ಎಂಟು ಮೆಗಾಬೈಟು, ನೂರ ಇಪ್ಪತ್ತೆಂಟರದನ್ನು ಕೊಡಿಸಿದರೆ ಆರು ಗಂಟೆಯ ಕೆಲಸ ಎರಡು ಗಂಟೆಯೊಳಗೆ ಮುಗಿಯುತ್ತದೆ. ಕಾವಲಿನ ಅಗತ್ಯ ಬೀಳುವುದಿಲ್ಲ. ಗುಂಡಿ ಒತ್ತಲು ಯಾರಾದರೂ ಸಾಕು.

ಸಾಹೇಬರು ಮೂರು ಪುಟವನ್ನೂ ಓದಿದರು. ಎರಡು ತಿಂಗಳ ಮೇಲೆ ಅವನನ್ನು ಒಳಗೆ ಕರೆದರು.

“ಮೆಷಿನ್ ನಾಳೆ ಬರುತ್ತೆ. ನಾಳೆ ಸಂಜೆ ನಾಲ್ಕಕ್ಕೆ ನಾನೇ ನಿಮ್ಮ ಟೇಬಲ್ಲಿಗೆ ಬರ್ತೀನಿ. ಎರಡು ಗಂಟೆ ಒಳಗೆ ಆದ ಪಟ್ಟಿ ನನ್ನ ಕೈಲಿರಬೇಕು. ಆಗಿದ್ರೆ ನಿಮ್ಮ ರಜೆಗೆ ಅಲ್ಲೇ ಸೈನು.”

“ಆಗದೇ ಇದ್ರೆ ಸಾರ್?”

“ಆಗದೇ ಇದ್ರೆ ಆ ಮೂರು ಪುಟದ ಜೊತೆ ನಾಲ್ಕನೇ ಪುಟ ಬರೀಬೇಕಾಗುತ್ತೆ ನೀವು.”

ಮನೆಯಲ್ಲಿ ಹೆಂಡತಿಗೆ ಇಷ್ಟು ಹೇಳಿದ್ದೇ ತಡ, ಆಕೆ ಮರುದಿನ ರಾತ್ರಿ ಎಂಟರ ರೈಲಿಗೆ ಎರಡು ಸೀಟು ಹಿಡಿಸಿಬಿಟ್ಟಳು. ಮದುವೆಯಾಗಿ ಹತ್ತೊಂಬತ್ತು ವರ್ಷ. ಆಕೆ ಇದುವರೆಗೆ ಕಡಲನ್ನು ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಹಾಲಿನವನಿಗೆ ಹತ್ತು ದಿನ ಬೇಡವೆಂದು ಹೇಳಿಯಾಯಿತು. ಹೂವಿನ ಕುಂಡಗಳು ಪಕ್ಕದ ಮನೆಗೆ ವರ್ಗವಾದವು. ತಡೆಯಲಾರದೆ ಅವನು, “ಸೈನ್ ಆಗ್ಲಿ ತಡಿಯೇ,” ಎಂದ.

“ನಿಮ್ಮನ್ನ ತಡ್ಕೊಂಡಿದ್ದೇ ಸಾಕಾಗಿದೆ. ಈ ಸಲ ನೀವು ಬಂದ್ರೂ ಸರಿ, ಬರದಿದ್ರೂ ಸರಿ, ಸಮುದ್ರ ಅಂತೂ ಅಲ್ಲೇ ಇರುತ್ತೆ, ನಾನೂ ಅಲ್ಲೇ ಇರ್ತೀನಿ,” ಎಂದಳು ಆಕೆ, ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚುತ್ತ.

ಮರುದಿನ ಒಂಬತ್ತೂವರೆಗೆ ಕಂಪ್ಯೂಟರ್ ಅಂಗಡಿಯ ಮೆಕ್ಯಾನಿಕ್ಕು ಪೆಟ್ಟಿಗೆ ಹೊತ್ತು ಬಂದ. ಹಜಾರದ ನಡುವಿನ ಉದ್ದ ಬೆಂಚಿನ ಮೇಲೆ ಹೊಸ ಡಬ್ಬವನ್ನೂ ಹಳೆಯ ಡಬ್ಬವನ್ನೂ ಪಕ್ಕಪಕ್ಕದಲ್ಲಿಟ್ಟ. ಒಂದೇ ಕಂಪನಿಯದು, ಒಂದೇ ಅಳತೆಯದು, ಎರಡೂ ಕಪ್ಪು. ಹಳೆಯದರೊಳಗಿನ ಲೆಕ್ಕದ ಪ್ರೋಗ್ರಾಮನ್ನು ಹೊಸದಕ್ಕೆ ತುಂಬಲು ತೊಡಗಿದಾಗ ಸುತ್ತಲೂ ಗುಂಪು ಸೇರಿತು.

ಗುಂಪಿನ ಮುಂದಾಳು ಟೈಪಿಸ್ಟಕ್ಕ. ಕಚೇರಿಯ ಎಲ್ಲ ಕಾಗದವೂ ಆಕೆಯ ಎರಡು ತೋರುಬೆರಳುಗಳ ಮೂಲಕವೇ ಹೊರಗೆ ಹೋಗಬೇಕು. ಶೇಕಡಣ್ಣನ ಹಳೆಯ ಯಂತ್ರ ಇಂದಿನಿಂದ ಆಕೆಗೆ ಸೇರತಕ್ಕದ್ದೆಂದು ಸಾಹೇಬರ ಆಜ್ಞೆ. ಆಕೆಯ ಈಗಿನದು ಅದಕ್ಕಿಂತ ಹಳೆಯದಾಗಿ, ಚಾಲೂ ಮಾಡಿದರೆ ಕೆಮ್ಮುತ್ತಿತ್ತು.

“ಅಲ್ಲಪ್ಪಾ, ಅದೇನದು ಕ್ಯಾಶ್ ಮೆಮೊರಿ? ಶೇಕಡಣ್ಣ ಹದಿನೈದು ದಿನದಿಂದ ಅದರ ಜಪ ಮಾಡ್ತಾ ಇದಾರೆ,” ಎಂದಳು ಟೈಪಿಸ್ಟಕ್ಕ.

ಮೆಕ್ಯಾನಿಕ್ಕು ತಲೆಯೆತ್ತದೆ ಹೇಳಿದ: “ಕಟಿಂಗ್ ಶಾಪ್ ನೋಡಿದೀರಲ್ಲ ಅಕ್ಕ? ಕನ್ನಡಿ ಮುಂದೆ ಒಂದು ಹಲಗೆ ಇರುತ್ತೆ. ಬಾಚಣಿಗೆ, ಕತ್ತರಿ, ಬ್ರಷ್ಷು. ಕೈಗೆ ಸಿಗೋದೆಲ್ಲ ಅಲ್ಲಿ. ಅಲ್ಲಿ ಇಲ್ಲದ್ದು ಬೇಕಾದ್ರೆ ಹಿಂದಿನ ಕೋಣೆ ಬೀರುಗೆ ಹೋಗಿ ತರಬೇಕು. ಪ್ರೊಸೆಸರ್ ಅಂದ್ರೆ ಆ ಕ್ಷೌರದವನು. ಕ್ಯಾಶ್ ಮೆಮೊರಿ ಅಂದ್ರೆ ಆ ಹಲಗೆ. ಹಲಗೆ ದೊಡ್ಡದಾದಷ್ಟೂ ಬೀರುಗೆ ಓಡೋದು ಕಮ್ಮಿ.”

“ಹಾಗಾದ್ರೆ ದೊಡ್ಡ ಹಲಗೆ ಇದ್ರೆ ನನ್ನ ಕಾಗದಾನೂ ಬೇಗ ಆಗುತ್ತಾ?”

“ನಿಮ್ಮದು ಬರೀ ಗಡ್ಡ ಅಕ್ಕ. ಒಂದು ಬ್ಲೇಡು, ಒಂದು ಬ್ರಷ್ಷು. ಅದಕ್ಕೆ ಹಲಗೆ ಚಿಕ್ಕದಾದ್ರೇನು, ದೊಡ್ಡದಾದ್ರೇನು? ಶೇಕಡಣ್ಣೋರದು ನೂರು ಜನರ ತಲೆ.”

“ನನ್ನ ಇಪ್ಪತ್ತೆರಡು ವರ್ಷದ ಸರ್ವಿಸನ್ನ ಬರೀ ಗಡ್ಡ ಅಂದ್ನಲ್ಲೋ ಇವನು!” ಎಂದು ಟೈಪಿಸ್ಟಕ್ಕ ಗುಂಪಿನ ಕಡೆ ತಿರುಗಿದಳು. ಗುಂಪು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಕ್ಷೆಯವನು, ಅಂದರೆ ಊರಿನ ಕೊಳವೆಗಳ ನಕ್ಷೆ ಬರೆಯುವವನು. ಅವನ ಸ್ವಂತ ಕೆಲಸದಲ್ಲಿ ಅವನಿಗೆ ಕಾಣದ ತಪ್ಪು ಪಕ್ಕದವರ ಕೆಲಸದಲ್ಲಿ ದೂರದಿಂದಲೇ ಕಾಣುತ್ತಿತ್ತು.

“ಲೆಕ್ಕ ಎಷ್ಟು ಜಾಗ ಹಿಡಿಯುತ್ತೆ ಅಣ್ಣ?” ಎಂದು ಅವನು ಕೇಳಿದ.

“ಬಡಾವಣೆಗೆ ಒಂದೂವರೆ ಮೆಗಾಬೈಟು. ನಲವತ್ತೆಂಟಕ್ಕೆ ಎಪ್ಪತ್ತೆರಡು. ನೂರ ಇಪ್ಪತ್ತೆಂಟರಲ್ಲಿ ಕಾಲು ಚಾಚಿಕೊಂಡು ಮಲಗುತ್ತೆ,” ಎಂದ ಶೇಕಡಣ್ಣ ಹೆಮ್ಮೆಯಿಂದ.

ಅಷ್ಟರಲ್ಲಿ ಉಗ್ರಾಣದ ಯಜಮಾನರು ಬಂದರು. ಸರಕಾರ ಬದಲಾದರೂ ಅವರ ನಿಯಮ ಬದಲಾಗದು. ಒಂದು ವಸ್ತು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗಬೇಕಾದರೆ ಅದರ ಮೇಲಿನ ಬಿಳಿ ಬಣ್ಣದ ನಂಬರನ್ನು ಅವರೇ ಕೆರೆದು ತೆಗೆಯಬೇಕು. ಸಂಜೆ ಪುಸ್ತಕಕ್ಕೆ ಸಾಹೇಬರ ಸಹಿಯಾದ ಮೇಲೆ ಹೊಸ ನಂಬರನ್ನು ಅವರೇ ಬರೆಯಬೇಕು.

“ಎಲ್ಲರೂ ಹೋಗಿ ಟೀ ಕುಡ್ಕೊಂಡು ಬನ್ನಿ. ನನ್ನ ಕೆಲಸ ಆಗೋವರೆಗೂ ಇಲ್ಲಿ ಯಾರ ನೆರಳೂ ಬೀಳಬಾರದು,” ಎಂದರು.

ಎಲ್ಲರೂ ಹೋದರು. ಮೆಕ್ಯಾನಿಕ್ಕಿಗೆ ಬೇರೊಂದು ಕಚೇರಿಯಿಂದ ಫೋನು ಬಂದಿತ್ತು. “ಎರಡೂ ರೆಡಿ ಇದಾವೆ, ವೈರು ಚುಚ್ಚಿದ್ರೆ ಆಯ್ತು,” ಎಂದು ಹೇಳಿ ಅವನೂ ಹೊರಟುಹೋದ.

ಹತ್ತೂಕಾಲಕ್ಕೆ ಶೇಕಡಣ್ಣ ಹಿಂದಿರುಗಿದಾಗ ಬೆಂಚಿನ ಬಳಿ ಯಾರೂ ಇರಲಿಲ್ಲ. ಎರಡು ಡಬ್ಬಗಳಲ್ಲಿ ಒಂದು ಮದುಮಗನ ಬೂಟಿನಂತೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದರ ಮೈಮೇಲೆ ಬಿಳಿಯ ಪುಡಿ, ಅಲ್ಲಲ್ಲಿ ಬೆರಳ ಗುರುತು. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಮಿಂಚುವುದನ್ನು ಎರಡೂ ಕೈಗಳಲ್ಲಿ ಹಸುಗೂಸಿನಂತೆ ಎತ್ತಿ ತನ್ನ ಮೇಜಿನ ಕೆಳಗೆ ಇಳಿಸಿದ. ಪುಡಿ ಮೆತ್ತಿದ್ದನ್ನು ನಕ್ಷೆಯವನೂ ತಾನೂ ಸೇರಿ ಟೈಪಿಸ್ಟಕ್ಕನ ಮೇಜಿನ ಕೆಳಗೆ ತಳ್ಳಿದರು.

“ನಿಮ್ಮ ಕಸ ನನಗೆ,” ಎಂದಳು ಆಕೆ.

“ಕಸ ಅಲ್ಲ ಅಕ್ಕ. ಹನ್ನೊಂದು ವರ್ಷ ಊರಿಗೆ ನೀರು ಕುಡಿಸಿದೆ ಅದು.”

ಹತ್ತೂವರೆಗೆ ಶೇಕಡಣ್ಣ ಗುಂಡಿ ಒತ್ತಿದ. ಪರದೆಯ ಮೂಲೆಯಲ್ಲಿ ಸೊನ್ನೆ ಮೂಡಿತು. ಅವನ ಅಂದಾಜಿನಂತೆ ಹನ್ನೆರಡೂಕಾಲಕ್ಕೆ ನೂರಾಗಬೇಕು.

ಹನ್ನೊಂದಕ್ಕೆ ಎಂಟು. ಹನ್ನೊಂದೂವರೆಗೆ ಹದಿನಾರು. ಹನ್ನೆರಡಕ್ಕೆ ಇಪ್ಪತ್ತೈದು. ಯಾವ ಅಂಕಿಯನ್ನು ಯಾವ ಗಳಿಗೆಯಲ್ಲಿ ನೋಡಬೇಕೆಂದು ಹನ್ನೊಂದು ವರ್ಷದ ಅಭ್ಯಾಸದಿಂದ ಅವನಿಗೆ ಬಾಯಿಪಾಠ. ಇವು ಹಳೆಯ ಅಂಕಿಗಳೇ. ನಿನ್ನೆಯ ಅಂಕಿಗಳು, ಮೊನ್ನೆಯ ಅಂಕಿಗಳು, ಒಂದು ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

ಅವನು ಬಗ್ಗಿ ಮೇಜಿನ ಕೆಳಗಿನ ವೈರುಗಳನ್ನು ಒಂದೊಂದಾಗಿ ಒತ್ತಿ ನೋಡಿದ.

ಹಜಾರದಲ್ಲಿ ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಕ್ಷೆಯವನು ಬಂದು ಅವನ ಕುರ್ಚಿಯ ಕೈಮೇಲೆ ಕೂತ. “ಸ್ವಲ್ಪ ಸರೀರಿ, ನಾನೊಂದು ಸಲ ನೋಡ್ತೀನಿ,” ಎಂದು ಲೆಕ್ಕ ಓಡುತ್ತಿರುವಾಗಲೇ ಇಡೀ ಊರಿನ ನಕ್ಷೆಯನ್ನು ಅದೇ ಯಂತ್ರದಲ್ಲಿ ತೆರೆದ. “ಹೊಸದು ಅನ್ನೋ ಹಾಗೇ ಇಲ್ವಲ್ಲ ಅಣ್ಣ. ನನ್ನದಕ್ಕಿಂತ ನಿಧಾನ.” ಕೊಳವೆ ಒಡೆದ ದೂರು ಬರೆದುಕೊಳ್ಳುವವಳು ಬಂದು ನಾಲ್ಕು ನೂರು ದೂರುಗಳ ಪಟ್ಟಿಯನ್ನು ತೆರೆದಳು. ಯಾರೋ ಒಂದು ಹಾಡನ್ನು ಹಾಕಿದರು. ಯಾರೋ ಕ್ರಿಕೆಟ್ ಸ್ಕೋರನ್ನು ನೋಡಿದರು.

“ದಯವಿಟ್ಟು ಮುಟ್ಟಬೇಡ್ರಪ್ಪಾ! ನೀವು ಒಬ್ಬೊಬ್ಬರೂ ಬಂದು ಆ ಹಲಗೆ ಮೇಲೆ ನಿಮ್ಮ ನಿಮ್ಮ ಚೆಂಬು, ತಂಬಿಗೆ ಇಟ್ಟು ಹೋದ್ರೆ ನನ್ನ ಕತ್ತರಿ ಎಲ್ಲಿಡಲಿ?” ಎಂದು ಶೇಕಡಣ್ಣ ಕೂಗಿ, ತೆರೆದದ್ದನ್ನೆಲ್ಲ ಒಂದೊಂದಾಗಿ ಮುಚ್ಚಿದ. ಮುಚ್ಚಿದ ಮೇಲೆ ಅಂಕಿ ಹಳೆಯ ನಡಿಗೆಗೆ ಮರಳಿತು. ಅದಕ್ಕಿಂತ ಮುಂದೆ ಹೋಗಲಿಲ್ಲ.

ಆ ಕಡೆಯಿಂದ ಟೈಪಿಸ್ಟಕ್ಕನ ಧ್ವನಿ: “ನಿಮ್ಮ ಹಳೇ ಮೆಷಿನ್ನೂ ಅಷ್ಟರಲ್ಲೇ ಇದೆ ಶೇಕಡಣ್ಣ! ಕೆಮ್ಮಲ್ಲ ಅನ್ನೋದು ಒಂದು ಬಿಟ್ರೆ ಏನೂ ವ್ಯತ್ಯಾಸ ಇಲ್ಲ. ಬೆಳಗ್ಗೆಯಿಂದ ಆರು ಕಾಗದ. ನಿನ್ನೆಯೂ ಇಷ್ಟೊತ್ತಿಗೆ ಆರೇ!”

ಅವನು ಮೆಕ್ಯಾನಿಕ್ಕಿಗೆ ಫೋನು ಮಾಡಿದ.

“ಎಪ್ಪತ್ತೆರಡು, ನೂರ ಇಪ್ಪತ್ತೆಂಟರಲ್ಲಿ ಹಿಡೀಲೇಬೇಕಲ್ಲ ಸಾರ್! ಗಾಳಿ ಹಾಗೆ ಹೋಗಬೇಕು ಅದು. ಬೇರೆ ಏನಾದ್ರೂ ಓಡ್ತಿದೆಯಾ?”

“ಏನೂ ಇಲ್ಲ. ಬಂದು ನೋಡಪ್ಪ, ಕಾಲಿಗೆ ಬೀಳ್ತೀನಿ.”

“ನಾನು ಊರಾಚೆ ಇದೀನಿ ಸಾರ್, ನಾಳೆ ಬರ್ತೀನಿ. ಅಷ್ಟರೊಳಗೆ ಬೇಕು ಅಂದ್ರೆ ಒಂದು ಉಪಾಯ. ಹಲಗೆ ಎಷ್ಟು ಅಗಲ ಇದೆ ಅನ್ನೋದನ್ನ ಬಿಡಿ. ಒಂದು ಸಲಕ್ಕೆ ಕೇಳೋ ಸಾಮಾನನ್ನೇ ಕಮ್ಮಿ ಮಾಡಿ.”

ಮೆಕ್ಯಾನಿಕ್ಕು ಫೋನಿಟ್ಟ. ಆ ಕೂಡಲೇ ಶೇಕಡಣ್ಣನ ಫೋನು ಬಡಿದುಕೊಂಡಿತು. ಹೆಂಡತಿ.

“ರೀ, ನಿಮ್ಮ ನೀಲಿ ಶರ್ಟ್ ಇಡ್ಲಾ, ಬಿಳೀದು ಇಡ್ಲಾ?”

“ಮೂವತ್ತನಾಲ್ಕು,” ಎಂದ ಶೇಕಡಣ್ಣ.

“ಮೂವತ್ತನಾಲ್ಕು ಶರ್ಟ್ ಎಲ್ಲಿದಾವ್ರೀ ನಿಮ್ಮ ಹತ್ರ?” ಎಂದು ಆಕೆ ಫೋನಿಟ್ಟಳು.

ಊಟದ ಹೊತ್ತಿನಲ್ಲಿ ಹಜಾರ ಖಾಲಿಯಾಯಿತು. ಶೇಕಡಣ್ಣ ಡಬ್ಬಿ ಬಿಚ್ಚಲಿಲ್ಲ. ಒಂದು ಬಿಳಿಯ ಹಾಳೆಯನ್ನು ಮುಂದಿಟ್ಟುಕೊಂಡು, ಹುಡುಗನಾಗಿದ್ದಾಗ ಮಗ್ಗಿ ಬರೆದಂತೆ, ಲೆಕ್ಕ ಯಾವ ಸರದಿಯಲ್ಲಿ ನಡೆಯುತ್ತದೆಂದು ಬರೆಯತೊಡಗಿದ. ಈ ಪ್ರೋಗ್ರಾಮು ಅವನಿಗಿಂತ ಮೊದಲಿದ್ದವರು ಬಿಟ್ಟುಹೋದದ್ದು. ಅದರ ಹೊಟ್ಟೆಯೊಳಗೆ ಏನಿದೆಯೆಂದು ಅವನು ಈವರೆಗೆ ಇಣುಕಿ ನೋಡಿರಲಿಲ್ಲ. ನೋಡಿದರೆ ಹೀಗಿತ್ತು: ಬೆಳಗಿನ ಮೊದಲನೆಯ ಕಾಲುಗಂಟೆಗೆ ನಲವತ್ತೆಂಟೂ ಬಡಾವಣೆಗಳ ಲೆಕ್ಕ, ಆಮೇಲೆ ಎರಡನೆಯ ಕಾಲುಗಂಟೆಗೆ ಮತ್ತೆ ಮೊದಲಿನಿಂದ ನಲವತ್ತೆಂಟೂ, ಹೀಗೆ ತೊಂಬತ್ತಾರು ಸಲ.

ಅವನು ಹಾಳೆಯನ್ನು ದಿಟ್ಟಿಸಿದ. ಒಬ್ಬ ಮನುಷ್ಯನಿಗೆ ನಲವತ್ತೆಂಟು ಮನೆಗಳಲ್ಲಿ ಊಟಕ್ಕೆ ಕರೆದಿದ್ದಾರೆ. ಅವನು ಮೊದಲ ಮನೆಯಲ್ಲಿ ಕೈಕಾಲು ತೊಳೆದು, ಎಲೆಯ ಮುಂದೆ ಕೂತು, ಒಂದೇ ಒಂದು ತುತ್ತು ಉಂಡು ಏಳುತ್ತಾನೆ. ಎರಡನೆಯ ಮನೆಗೆ ಹೋಗಿ ಮತ್ತೆ ಕೈಕಾಲು ತೊಳೆದು ಒಂದು ತುತ್ತು. ನಲವತ್ತೆಂಟು ಮನೆ ಮುಗಿಸಿ, ಎರಡನೆಯ ತುತ್ತಿಗೆ ಮತ್ತೆ ಮೊದಲ ಮನೆಗೆ ಬರುತ್ತಾನೆ. ಹೀಗೆ ನಾಲ್ಕು ಸಾವಿರದ ಆರು ನೂರ ಎಂಟು ಸಲ ಕೈಕಾಲು ತೊಳೆಯುತ್ತಾನೆ. ಊಟಕ್ಕಿಂತ ತೊಳೆಯುವುದೇ ಹೆಚ್ಚು.

ಆದರೆ ಪ್ರತಿ ಬಡಾವಣೆಗೂ ಅದರದೇ ಟ್ಯಾಂಕು. ಒಂದಕ್ಕೆ ಇನ್ನೊಂದರ ಹಂಗಿಲ್ಲ. ಒಂದು ಮನೆಯಲ್ಲಿ ಕೂತು ತೊಂಬತ್ತಾರು ತುತ್ತನ್ನೂ ಉಂಡು ಮುಗಿಸಿ, ಆಮೇಲೆ ಎದ್ದು ಮುಂದಿನ ಮನೆಗೆ ಹೋದರೆ ಯಾರು ಬೇಡವೆನ್ನುತ್ತಾರೆ? ಆಗ ಒಂದು ಸಲಕ್ಕೆ ಬೇಕಾಗುವುದು ಒಂದೂವರೆ ಮೆಗಾಬೈಟು ಮಾತ್ರ. ತೊಳೆಯುವುದು ನಲವತ್ತೆಂಟೇ ಸಲ.

ಬದಲಾಯಿಸಬೇಕಾದದ್ದು ಎರಡು ಸಾಲು. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ.

ಮೊದಲ ಬಡಾವಣೆಯ ಲೆಕ್ಕವನ್ನು ಹೊಸ ಸರದಿಯಲ್ಲಿ ಪೆನ್ಸಿಲಿನಿಂದ ಅಷ್ಟಿಷ್ಟು ಮಾಡಿ, ನಿನ್ನೆಯ ಪಟ್ಟಿಯೊಂದಿಗೆ ತಾಳೆ ನೋಡಿದ. ಸರಿಹೊಂದಿತು. ಎರಡು ಸಾಲುಗಳನ್ನು ಅದಲುಬದಲು ಮಾಡುವ ಹೊತ್ತಿಗೆ ಎರಡು ಗಂಟೆ ನಲವತ್ತು ನಿಮಿಷ. ಓಡುತ್ತಿದ್ದ ಲೆಕ್ಕ ಅರವತ್ತೊಂಬತ್ತಕ್ಕೆ ಬಂದಿತ್ತು. ಅದನ್ನು ಹಾಗೆಯೇ ಬಿಟ್ಟರೆ ನಾಲ್ಕೂವರೆಗೆ ಪಟ್ಟಿ ಖಂಡಿತ. ರಜೆ ಖಂಡಿತವಾಗಿ ಇಲ್ಲ. ನಿಲ್ಲಿಸಿ ಹೊಸದನ್ನು ಹೊರಡಿಸಿ, ಅದೂ ಕೈಕೊಟ್ಟರೆ, ರಜೆಯೂ ಇಲ್ಲ, ಪಟ್ಟಿಯೂ ಇಲ್ಲ, ನಾಳೆ ಊರಿಗೆ ನೀರೂ ಇಲ್ಲ.

ಟೈಪಿಸ್ಟಕ್ಕ ಬಂದು ಅವನ ಹಿಂದೆ ನಿಂತಿದ್ದಳು. “ಏನ್ ಮಾಡ್ತಾ ಇದೀರಾ?”

“ಅರವತ್ತೊಂಬತ್ತನ್ನ ಕೊಲ್ತಾ ಇದೀನಿ.”

“ಅಯ್ಯೋ, ಪಾಪ! ಇಷ್ಟು ದೂರ ಬಂದಿದೆ, ಬಿಟ್ಬಿಡಿ.”

“ಅಕ್ಕ, ನೀವು ಸಮುದ್ರ ನೋಡಿದೀರಾ?”

“ನೋಡಿದೀನಿ. ಬರೀ ನೀರು. ನಮ್ಮ ಕಚೇರಿ ಹಾಗೆ.”

ಶೇಕಡಣ್ಣ ಕಣ್ಣು ಮುಚ್ಚಿ ಗುಂಡಿ ಒತ್ತಿದ. ಅರವತ್ತೊಂಬತ್ತು ಅಳಿಸಿಹೋಗಿ ಸೊನ್ನೆ ಬಂತು. ಕಣ್ಣು ತೆರೆದಾಗ ಎರಡು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಾಗ ನಾಲ್ಕು.

“ಅಕ್ಕಾ!” ಎಂದು ಅವನು ಕಿರುಚಿದ ರಭಸಕ್ಕೆ ನಕ್ಷೆಯವನ ಪೆನ್ನು ಊರಿನ ನಡುವೆ ಒಂದು ಹೊಸ ಕೊಳವೆಯನ್ನೇ ಎಳೆದುಬಿಟ್ಟಿತು.

ಮೂರು ಗಂಟೆಗೆ ಮೂವತ್ತೊಂಬತ್ತು. ಆಗ ಇಡೀ ಹಜಾರ ಅವನ ಕುರ್ಚಿಯ ಸುತ್ತ ನೆರೆದಿತ್ತು. ಮೂರೂಕಾಲಕ್ಕೆ ಅರವತ್ತೆಂಟು. ಎಂಬತ್ತು, ತೊಂಬತ್ತು ಬಂದಾಗ ಜನ ಒಟ್ಟಾಗಿ ಎಣಿಸತೊಡಗಿದರು. ಮೂರು ಗಂಟೆ ಮೂವತ್ತೊಂದು ನಿಮಿಷಕ್ಕೆ ನೂರು. ಐವತ್ತೊಂದು ನಿಮಿಷ. ದೂರು ಬರೆದುಕೊಳ್ಳುವವಳು ಚಪ್ಪಾಳೆ ಹೊಡೆದಳು. ನಕ್ಷೆಯವನು ಶೇಕಡಣ್ಣನನ್ನು ಕುರ್ಚಿಸಮೇತ ಒಂದು ಸುತ್ತು ತಿರುಗಿಸಿದ.

“ನಾನು ಬೆಳಗ್ಗೇನೇ ಅಂದ್ಕೊಂಡೆ ಅಣ್ಣ, ಹೊಸ ಮೆಷಿನ್ ಮೊದಲು ಸ್ವಲ್ಪ ಮೈ ಬಿಸಿ ಮಾಡ್ಕೋಬೇಕು ಅಂತ,” ಎಂದ.

ಸರಿಯಾಗಿ ನಾಲ್ಕಕ್ಕೆ ಸಾಹೇಬರು ಬಂದರು. ಪಟ್ಟಿಯನ್ನು ನೋಡಿದರು. ಹತ್ತು ಕಡೆ ಬೆರಳಿಟ್ಟು ಪರೀಕ್ಷಿಸಿದರು. ಅವರ ಮುಖದಲ್ಲಿ ನಗು ಮೂಡಿದ್ದನ್ನು ಹಲವರು ಅಂದೇ ಮೊದಲು ಕಂಡದ್ದು.

“ಐವತ್ತೊಂದು ನಿಮಿಷ. ನೀವು ಎರಡು ಗಂಟೆ ಅಂದಿದ್ರಿ.”

“ಸ್ವಲ್ಪ ಕೈಲಿಟ್ಕೊಂಡು ಹೇಳಿದ್ದೆ ಸಾರ್.”

“ಒಳ್ಳೇದು. ಅರ್ಜಿ ಕೊಡಿ.”

ಶೇಕಡಣ್ಣ ಐದನೆಯ ಅರ್ಜಿಯನ್ನು ಮುಂದಿಟ್ಟ. ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. ಅದು ಹಸಿರು ಮಸಿ.

ಆ ಗಳಿಗೆಗೆ ಸರಿಯಾಗಿ ಉಗ್ರಾಣದ ಯಜಮಾನರು ಒಂದು ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಪುಸ್ತಕ, ಕಿವಿಯ ಮೇಲೆ ಕುಂಚ ಹೊತ್ತು ಒಳಬಂದರು. “ಸಾಹೇಬರು ಇಲ್ಲೇ ಇದೀರಾ, ಒಳ್ಳೇದಾಯ್ತು. ಎರಡು ಸೈನು. ನಂಬರ್ ಬರೆದುಬಿಡ್ತೀನಿ,” ಎಂದು ಶೇಕಡಣ್ಣನ ಮೇಜಿನ ಕೆಳಗೆ ತೂರಿದರು. ಡಬ್ಬದ ಹಿಂಬದಿಯ ಕಂಪನಿ ನಂಬರನ್ನು ಗಟ್ಟಿಯಾಗಿ ಓದಿದರು. ಓದು ನಿಂತಿತು. ಮತ್ತೊಮ್ಮೆ ಓದಿದರು.

“ಇದು ಇಲ್ಲ್ಯಾಕಿದೆ?”

“ಯಾವುದು ಯಜಮಾನರೇ?”

“ಈ ಹಳೇದು. ಇದನ್ನ ಟೈಪಿಸ್ಟಕ್ಕನಿಗೆ ಕೊಡೋದಲ್ವಾ? ಅದಕ್ಕೇ ಬೆಳಗ್ಗೆ ನಂಬರ್ ಕೆರೆದು, ಒದ್ದೆ ಬಟ್ಟೇಲಿ ಒರೆಸಿ, ಎಣ್ಣೆ ಕೈಲಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದೆ.”

ಶೇಕಡಣ್ಣ ತಾನೂ ಮೇಜಿನ ಕೆಳಗೆ ಬಗ್ಗಿದ. “ಮತ್ತೆ… ಆ ಬಿಳೀ ಪುಡಿ ಇದ್ದದ್ದು?”

“ಅದು ಹೊಸದು. ಪ್ಯಾಕಿಂಗಿನ ಥರ್ಮಾಕೋಲ್ ಪುಡಿ. ಪುಸ್ತಕಕ್ಕೆ ಏರದ ಸಾಮಾನನ್ನ ನಾನು ಮುಟ್ಟಲ್ಲಪ್ಪ, ನಿಯಮ ಇಲ್ಲ.”

ಎಲ್ಲರ ಕತ್ತೂ ನಿಧಾನವಾಗಿ ಟೈಪಿಸ್ಟಕ್ಕನ ಮೇಜಿನ ಕಡೆ ತಿರುಗಿತು. ಅಲ್ಲಿ ಊರಿನಲ್ಲೇ ಅತ್ಯಂತ ದೊಡ್ಡ ಹಲಗೆಯುಳ್ಳ ಯಂತ್ರವೊಂದು ಬೆಳಗಿನಿಂದ ಹನ್ನೆರಡು ಕಾಗದಗಳನ್ನು ಹೊರತಂದು ವಿಶ್ರಮಿಸುತ್ತಿತ್ತು.

ಸಾಹೇಬರು ಹಸಿರು ಪೆನ್ನಿನ ಕ್ಯಾಪನ್ನು ಮುಚ್ಚಿದರು. ಒಂದು ಕುರ್ಚಿಯನ್ನೆಳೆದು ಕೂತರು.

“ಅಂದ್ರೆ ಈ ಐವತ್ತೊಂದು ನಿಮಿಷ, ಹಳೇ ಮೆಷಿನ್ನಲ್ಲಿ ಆದದ್ದು.”

“ಹೌದು ಸಾರ್… ಹಾಗೆ ಕಾಣುತ್ತೆ ಸಾರ್. ಎರಡು ಸಾಲು ಮೇಲೆ ಕೆಳಗೆ ಮಾಡಿದೆ ಸಾರ್.”

“ಈ ಎರಡು ಸಾಲನ್ನ ಹನ್ನೊಂದು ವರ್ಷದ ಹಿಂದೆಯೇ ಮೇಲೆ ಕೆಳಗೆ ಮಾಡಬಹುದಿತ್ತಾ?”

ಸುಳ್ಳು ಹೇಳುವ ಅಭ್ಯಾಸ ಶೇಕಡಣ್ಣನಿಗಿರಲಿಲ್ಲ. “ಮಾಡಬಹುದಿತ್ತು ಸಾರ್. ನನಗಿಂತ ಮೊದಲಿದ್ದವರು ಹೀಗೇ ಮಾಡ್ತಿದ್ರು ಅಂತ…”

ಸಾಹೇಬರು ರಜೆಯ ಅರ್ಜಿಯನ್ನು ತಿರುಗಿಸಿ ಅದರ ಬೆನ್ನಿನ ಮೇಲೆ ಗುಣಿಸತೊಡಗಿದರು. “ಆರು ಗಂಟೆಯಲ್ಲಿ ಐವತ್ತೊಂದು ನಿಮಿಷ ಹೋದರೆ ಐದು ಗಂಟೆ ಒಂಬತ್ತು ನಿಮಿಷ. ವರ್ಷಕ್ಕೆ ಮುನ್ನೂರು ದಿನ. ಹನ್ನೊಂದು ವರ್ಷ. ಹದಿನಾರು ಸಾವಿರದ ಒಂಬೈನೂರ ತೊಂಬತ್ತೈದು ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಭಾಗಿಸಿದರೆ ಎರಡು ಸಾವಿರದ ನೂರ ಇಪ್ಪತ್ತನಾಲ್ಕು ದಿನ, ಮೂರು ಗಂಟೆ. ಆ ಮೂರು ಗಂಟೆ ಬಿಟ್ಟುಬಿಡೋಣ.” ಅವರು ತಲೆಯೆತ್ತಿದರು. “ಹತ್ತು ದಿನ ರಜೆ ಕೇಳಿದೀರಿ. ಎರಡು ಸಾವಿರದ ನೂರ ಇಪ್ಪತ್ತನಾಲ್ಕು ದಿನ ಈಗಾಗಲೇ ತಗೊಂಡಿದೀರಿ, ಇದೇ ಕುರ್ಚಿ ಮೇಲೆ ಕೂತು.”

ಲೆಕ್ಕದಲ್ಲಿ ತಪ್ಪಿರಲಿಲ್ಲ. ಶೇಕಡಣ್ಣ ಮನಸ್ಸಿನಲ್ಲೇ ಎರಡು ಸಲ ಗುಣಿಸಿ ನೋಡಿದ.

“ಅಷ್ಟು ಹೊತ್ತಿನಲ್ಲಿ ಏನು ಮಾಡಿದ್ರಿ ಅಂತ ವಿವರಣೆ ಬರೆದು ಕೊಡಿ. ಇವತ್ತೇ. ಅಚ್ಚುಕಟ್ಟಾಗಿ ಟೈಪ್ ಮಾಡಿಸಿ.” ಸಾಹೇಬರು ಎದ್ದರು. ಯಜಮಾನರ ಪುಸ್ತಕದಲ್ಲಿ ಎರಡು ಸಹಿ ಹಾಕಿದರು. “ಹೊಸದು ಇರೋ ಜಾಗದಲ್ಲೇ ಇರಲಿ. ಇವರಿಗೆ ಅದರ ಅಗತ್ಯ ಇಲ್ಲ ಅಂತ ಇವರೇ ತೋರಿಸಿಕೊಟ್ಟಿದಾರೆ.”

ಯಜಮಾನರು ಟೈಪಿಸ್ಟಕ್ಕನ ಮೇಜಿನ ಕೆಳಗೆ ತೂರಿ, ನಾಲಗೆಯನ್ನು ಕಚ್ಚಿಕೊಂಡು, ಹೊಸ ಡಬ್ಬದ ಮೇಲೆ ಬಿಳಿಯ ನಂಬರನ್ನು ಬರೆದರು. ಗುಂಪು ಕರಗಿತು. ಹೋಗುತ್ತ ನಕ್ಷೆಯವನು ಶೇಕಡಣ್ಣನ ಭುಜ ತಟ್ಟಿದ. “ಬೇಜಾರು ಮಾಡ್ಕೋಬೇಡಿ ಅಣ್ಣ. ನಾಳೆಯಿಂದ ದಿನಕ್ಕೆ ಐದು ಗಂಟೆ ಬಿಡುವು. ನನ್ನ ನಕ್ಷೆ ಕೆಲಸ ಸ್ವಲ್ಪ ಬಾಕಿ ಇದೆ.”

ಟೈಪಿಸ್ಟಕ್ಕ ಪ್ರಿಂಟರಿಗೆ ಹಾಳೆ ಸೇರಿಸಿ, ಎರಡು ತೋರುಬೆರಳುಗಳನ್ನೂ ಎತ್ತಿಕೊಂಡು ಕೂತಳು. “ಹೇಳಿ ಶೇಕಡಣ್ಣ. ‘ಮಾನ್ಯರೇ’ ವರೆಗೆ ಹೊಡೆದಿದೀನಿ. ಮುಂದೇನು?”

ಮುಂದೇನು ಎಂದು ಅವನು ಯೋಚಿಸುತ್ತಿರುವಾಗ ಫೋನು ಬಡಿದುಕೊಂಡಿತು.

“ರೀ, ಆಯ್ತಾ ಸೈನು? ನಾನು ಆಟೋದವನಿಗೆ ಆರೂವರೆಗೆ ಬಾ ಅಂದಿದೀನಿ.”

ಶೇಕಡಣ್ಣ ಗೋಡೆಯ ಕಡೆ ಮುಖ ಮಾಡಿ, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದ. ಹೇಳಿ ಮುಗಿಸಿದ ಮೇಲೆ ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಅಳುತ್ತಿದ್ದಾಳೇನೋ ಎಂದುಕೊಂಡ.

“ಅಳಬೇಡ ಕಣೇ. ಮುಂದಿನ ವರ್ಷ…”

“ಅಳ್ತಾ ಇಲ್ಲ. ಲೆಕ್ಕ ಹಾಕ್ತಾ ಇದೀನಿ.” ಆಕೆಯ ಧ್ವನಿ ಸಾಹೇಬರದಕ್ಕಿಂತ ಶಾಂತವಾಗಿತ್ತು. “ಅಂದ್ರೆ ಹನ್ನೊಂದು ವರ್ಷ ದಿನಾ ಕೆಲಸ ಮಧ್ಯಾಹ್ನಕ್ಕೆ ಮುಂಚೇನೇ ಮುಗೀತಿತ್ತು ಅಂತಾಯ್ತು. ಮಗು ಚಿಕ್ಕದಿದ್ದಾಗ ಸ್ಕೂಲಿಗೆ ಕರ್ಕೊಂಡು ಹೋಗಿ ಅಂದ್ರೆ ಲೆಕ್ಕ ಇದೆ. ನಮ್ಮ ಅಮ್ಮನ್ನ ಆಸ್ಪತ್ರೆಗೆ ತೋರಿಸಿ ಅಂದ್ರೆ ಲೆಕ್ಕ ಇದೆ. ನನ್ನ ತಮ್ಮನ ಮದುವೆಗೆ ತಾಳಿ ಕಟ್ಟಿದ ಮೇಲೆ ಬಂದ್ರಿ, ಆವಾಗ್ಲೂ ಲೆಕ್ಕ ಇತ್ತು.”

“ಅಲ್ಲಾ ಕಣೇ, ನನಗೆ ಗೊತ್ತಿರಲಿಲ್ಲ…”

“ನಿಮ್ಮ ಸೀಟಿಗೆ ನಮ್ಮಕ್ಕ ಬರ್ತಾಳೆ, ಈಗಷ್ಟೇ ಕೇಳಿದೆ, ಪಕ್ಕದಲ್ಲೇ ಇದಾಳೆ. ಸಮುದ್ರ ನೋಡ್ಕೊಂಡು ಹತ್ತು ದಿನ ಬಿಟ್ಟು ಬರ್ತೀವಿ. ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ. ಆ ವಿವರಣೆ ಏನೋ ಬರೀತಿದೀರಲ್ಲ, ಅದನ್ನ ಮನೆ ಟೇಬಲ್ ಮೇಲೂ ಇಟ್ಟಿರಿ. ಬಂದು ಓದ್ತೀನಿ.”

ಫೋನು ನಿಂತಿತು. ಶೇಕಡಣ್ಣ ಗೋಡೆಯ ಕಡೆಯಿಂದ ಈ ಕಡೆ ತಿರುಗಿದ. ಟೈಪಿಸ್ಟಕ್ಕನ ಬೆರಳುಗಳು ಇನ್ನೂ ಗಾಳಿಯಲ್ಲೇ ಕಾಯುತ್ತಿದ್ದವು.

“ಅಕ್ಕ,” ಎಂದ ಅವನು, “ಎರಡು ಪ್ರತಿ ತೆಗೀರಿ.”